ಮೋಟುಗೋಡೆಯ ಮೇಲಿನ ಹಾಸಿಗೆ

ಹೊಲಿಗೆಯ ಸಂದಿಯಿಂದ ಹೊರಬಿದ್ದ ಒಂದೇ ಒಂದು ಎಳೆ ಹತ್ತಿ ಮೂಗಿನ ಮುಂದೆ ತೇಲುತ್ತದೆ, ಕೆಳಗೆ ಬೀಳುವ ಮನಸ್ಸೇ ಇಲ್ಲ ಅದಕ್ಕೆ, ಬೂರುಗದ ಹತ್ತಿಯ ಸ್ವಭಾವವೇ ಅದು, ಗಾಳಿಯಿಲ್ಲದ ಬಿಸಿಲಲ್ಲೂ ತನಗೊಂದು ಗಾಳಿ ಹುಡುಕಿಕೊಳ್ಳುತ್ತದೆ, ಊದಿದರೆ ಮೇಲೆ ಹೋಗಿ ಮತ್ತೆ ಬಂದು ಬೆವರಿದ ತುಟಿಗೇ ಅಂಟುತ್ತದೆ – ಥೂ – ಬೆತ್ತ ಎತ್ತಿ ಬಾರಿಸುತ್ತೇನೆ, ಇದು ಎದುರುಮನೆಯ ಬೇಬಿಯಕ್ಕನಿಗೆ, ತನ್ನ ಮನೆಗೆ ತಾರಸಿಯಿಲ್ಲ ಎಂದು ನನ್ನ ತಾರಸಿಗೆ ಬೆಳಗಾಗುವ ಮೊದಲೇ ಹತ್ತಿ ಬಂದು, ಇದ್ದಬದ್ದ ನೆಲಕ್ಕೆಲ್ಲ ಸೀರೆ ಹಾಸಿ ಸಂಡಿಗೆ ಇಟ್ಟು ಹೋಗಿದ್ದಾಳೆ, ಕಾಲಿಡಲು ಜಾಗವಿಲ್ಲ, ಇನ್ನು ಜೋಡಿ ಹಾಸಿಗೆಯನ್ನು ಹರವುವುದೆಲ್ಲಿ, ಅದಕ್ಕೇ ಬೀದಿಯ ಕಡೆಯ ಮೋಟುಗೋಡೆಯ ಮೇಲೆ ಅಡ್ಡಡ್ಡ ಎಳೆದು ಹಾಕಿದ್ದು, ಅರ್ಧ ಒಳಗೆ ಅರ್ಧ ಹೊರಗೆ, ರಾತ್ರಿ ಅವರ ಕೆಳಗೆ ಹಾಸಿದ ರೆಕ್ಸಿನ್ ಹಾಳೆ ಸರಿದು ಒದ್ದೆಯಾಗಿತ್ತು, ಒದ್ದೆಯಾದ ಬೂರುಗವನ್ನು ಹಾಗೇ ಬಿಟ್ಟರೆ ಗಂಟು ಕಟ್ಟುತ್ತದೆ, ಆಮೇಲೆ ನಾರುತ್ತದೆ, ನೀರಿಗೆ ಹಾಕಿ ಒಗೆಯುವ ಹಾಗಿಲ್ಲ, ಬಿಸಿಲೇ ಅದಕ್ಕೆ ಸ್ನಾನ ಕಣೇ, ಬೆತ್ತವೇ ಅದಕ್ಕೆ ಬಾಚಣಿಗೆ, ಹಾಗೆ ಹೇಳುತ್ತಿದ್ದವರು ಅವರು, ತವಮಣಿ, ಗಂಡನ ಹೆಸರು ಹೇಳಬಾರದು, ಮದುವೆಯಾದಂದಿನಿಂದ ಬಾಯಲ್ಲಿ ಒಮ್ಮೆಯೂ ಹೇಳಿಲ್ಲ, ಮನಸ್ಸಿನೊಳಗೆ ಹೇಳಿದರೆ ಯಾರು ಕೇಳುತ್ತಾರೆ, ತವಮಣಿ, ತವಮಣಿ, ಲಕ್ವ ಹೊಡೆದು ಪೊಂಗಲ್ ಹಬ್ಬದಿಂದ ಕೆಳಗಿನ ಕೋಣೆಯಲ್ಲಿ ಮಲಗಿಯೇ ಇರುವ ತವಮಣಿ, ಇದು ನಿಮಗೆ – ಬೆತ್ತ ಬಿದ್ದ ಕಡೆ ಧೂಳು ಏಳುತ್ತದೆ, ಧೂಳಿನಲ್ಲಿ ಅವರ ವಾಸನೆ ಏಳುತ್ತದೆ, ಬೀಡಿ, ವಿಭೂತಿ, ಈಗ ಮೂತ್ರ – ಇದು ಆ ಬೆಟ್ಟದ ಮೇಲೆ ಕುಳಿತಿರುವ ಪರಮಶಿವನಿಗೆ, ಇಲ್ಲಿಂದ ಗುಡಿಯ ಗೋಪುರ ಕಾಣುತ್ತದೆ, ಅವನಿಗೂ ನಾನು ಕಾಣುತ್ತಿರಬೇಕು, ನೋಡಲಿ, ಪ್ರತಿ ಸೋಮವಾರ ಮೆಟ್ಟಿಲು ಹತ್ತಿದ ಕಾಲುಗಳಿವು, ಏನೂ ಕೇಳದೆ ಬರೀ ಕೈಮುಗಿದು ಇಳಿದು ಬಂದವಳು ನಾನು, ಕೇಳದವಳಿಗೆ ಕೊಟ್ಟದ್ದು ಇದು – ಹಾಸಿಗೆಯ ಎಡಗಡೆಯಲ್ಲಿ ಆ ತಗ್ಗು, ಎಷ್ಟು ಹೊಡೆದರೂ ಮೊದಲು ಕಣ್ಣಿಗೆ ಬೀಳುವುದು ಅದೇ, ಹೆಗಲಿನ ಹತ್ತಿರ ಆಳ, ಸೊಂಟದ ಹತ್ತಿರ ಇನ್ನೂ ಆಳ, ಹಿಮ್ಮಡಿಗೊಂದು ಗುಳಿ, ಅವರನ್ನು ಎತ್ತಿ ಇಳಿಸಿದರೂ ಅವರ ಆಕಾರ ಎದ್ದು ಹೋಗಿಲ್ಲ, ಬಿಸಿಲಿಗೆ ಹಾಕಿದಾಗಲೆಲ್ಲ ಸಂಜೆಯ ಹೊತ್ತಿಗೆ ತಗ್ಗು ಮೇಲೆ ಬರುತ್ತದೆ, ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬುತ್ತದೆ, ಅವರು ಮಲಗಿದ್ದೇ ತಡ, ಮತ್ತೆ ಇಳಿದು ಅದೇ ತಗ್ಗು, ಅದೇ ಗುಳಿ, ಇಷ್ಟು ವರ್ಷವೂ ಇದೇ ಕೆಲಸ, ನಾನು ಏಳಿಸುವುದು, ಅವರು ಇಳಿಸುವುದು.

ಮಲಗಿ ನೋಡದೆ ಹಾಸಿಗೆ ಕೊಳ್ಳಬೇಡಿ ಎಂದು ತಮ್ಮ ಹಾಸಿಗೆ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು, ನಮ್ಮ ಬೋಡಿ ಊರಿನ ಸಂತೆಬೀದಿಯಲ್ಲಿ ಆ ಒಂದು ಅಂಗಡಿಯಲ್ಲಿ ಮಾತ್ರ ಗಿರಾಕಿಯನ್ನು ಚಪ್ಪಲಿ ಬಿಡಿಸಿ ಮಲಗಿಸುತ್ತಿದ್ದರು, ಮದುವೆಗೆ ಹಾಸಿಗೆ ಆರಿಸಲು ಬಂದವರು ನಾಚಿಕೊಂಡು ನಿಂತಲ್ಲೇ ಎರಡು ಬೆರಳಲ್ಲಿ ಒತ್ತಿ ನೋಡುತ್ತಾರೆ, ಬಟ್ಟೆಯ ಹೂವು ನೋಡುತ್ತಾರೆ, ಗುಲಾಬಿ ಹೂವಿದ್ದರೆ ಆಯಿತು, ಅವರಿಗೆ ರೇಗುತ್ತಿತ್ತು, ಬೆರಳು ಮಲಗುತ್ತದೇನಯ್ಯಾ ಹಾಸಿಗೆ ಮೇಲೆ, ಸೊಂಟ ತಾನೇ ಮಲಗೋದು, ಮಲಗು, ಪಕ್ಕಕ್ಕೆ ತಿರುಗು, ಈಗ ಸೊಂಟದ ಕೆಳಗೆ ನಿನ್ನ ಕೈ ತೂರಿಸು, ಕೈ ಆಚೆಯಿಂದ ಈಚೆಗೆ ಓಡಾಡಿದರೆ ಅದು ಹಾಸಿಗೆಯಲ್ಲ ಹಲಗೆ, ಕೈ ತೂರೋದೇ ಇಲ್ಲ ಅಂದ್ರೆ ಅದು ಹಾಸಿಗೆಯಲ್ಲ ಕೆಸರು, ಕೈ ತೂರಬೇಕು, ಸ್ವಲ್ಪ ಕಷ್ಟಪಟ್ಟು ತೂರಬೇಕು, ಅದು ಹಾಸಿಗೆ – ದಪ್ಪ ಮೈಯವನಿಗೆ ಬಿಗಿಯಾಗಿ ತುಂಬಬೇಕು, ಸಣಕಲನಿಗೆ ಸಡಿಲವಾಗಿ, ಗಂಡ ಹೆಂಡಿರ ತೂಕ ಬೇರೆಬೇರೆಯಾದರೆ ಎರಡು ಕಡೆಯನ್ನೂ ಬೇರೆಬೇರೆಯಾಗಿ ತುಂಬಿ ನಡುವೆ ಹೊಲಿಗೆ ಹಾಕಬೇಕು – ಎಲ್ಲ ಗೊತ್ತಿದ್ದ ಮನುಷ್ಯ ತನ್ನ ಮದುವೆಯ ಹಾಸಿಗೆಗೆ ಮಾಡಿಕೊಂಡದ್ದೇನು, ಹೆಣ್ಣಿನ ಮನೆಯವರು ಮದುವೆಗೆ ಕೊಡುವ ಸೀರಿನ ಸಾಮಾನಿನಲ್ಲಿ ಪಾತ್ರೆ, ಬೀರು, ಮಂಚದ ಜೊತೆ ಹಾಸಿಗೆ ಬರಲೇಬೇಕು, ಬೋಡಿಯಲ್ಲಿ ಹಾಸಿಗೆ ಮಾಡುವವರು ಎಷ್ಟೋ ಮಂದಿ ಇದ್ದರೂ ನನ್ನಪ್ಪ ಹೋಗಿ ನಿಂತದ್ದು ಮದುಮಗನ ಅಂಗಡಿಯಲ್ಲೇ, ಅಳಿಯ ಆಗೋರ ಹತ್ರವೇ ತಗೊಂಡ್ರೆ ಆಮೇಲೆ ಹಾಸಿಗೆ ಸರಿ ಇಲ್ಲ ಅಂತ ಮಾತು ಬರಲ್ಲ ನೋಡು ಎಂದು ಮನೆಗೆ ಬಂದು ತನ್ನ ಜಾಣತನಕ್ಕೆ ತಾನೇ ನಕ್ಕಿದ್ದರು, ಅಷ್ಟು ಸಾಲದೆಂದು ಚೌಕಾಸಿ ಬೇರೆ, ಹುಡುಗ ಮಾವನ ಎದುರು ತಲೆಯೆತ್ತಲಾಗದೆ ಸರಿ ಸರಿ ಎಂದು ಒಪ್ಪಿಕೊಂಡು, ಆ ಹಣಕ್ಕೆ ಒಳ್ಳೆಯ ಹತ್ತಿ ಅರ್ಧ ಹಾಸಿಗೆಗೆ ಮಾತ್ರ ಸಾಕಾಗಿ, ಹೊಸ ಕಾಯಿ ಒಡೆದ ರೇಷ್ಮೆಯಂಥ ಹತ್ತಿಯನ್ನೆಲ್ಲ ಬಲಗಡೆ ತುಂಬಿ, ಎಡಗಡೆಗೆ ಅಂಗಡಿಯ ಮೂಲೆಯಲ್ಲಿ ಗುಡಿಸಿ ಇಟ್ಟ ತುಂಡು ಹತ್ತಿ, ಹಳೇ ಹತ್ತಿ, ಬೀಜ ಬೆರೆತ ಹತ್ತಿ, ಎಡಗಡೆ ತಾನು ಮಲಗಿದರಾಯಿತು ಎಂದು – ಇದನ್ನು ನನಗೆ ಹೇಳಿದ್ದು ಯಾವಾಗ, ಮಗಳು ತಿಲಗಾ ಹುಟ್ಟಿ ನಡೆಯಲು ಕಲಿತ ಮೇಲೆ, ಅದೂ ನಗುತ್ತ, ನಾನು ಪ್ರತಿ ರಾತ್ರಿಯೂ ಬಲಗಡೆ ಮಲಗಿ ಬೆಳಗ್ಗೆ ಅವರ ತಗ್ಗಿನಲ್ಲಿ ಏಳುತ್ತಿದ್ದೆ, ಇಡೀ ಹಾಸಿಗೆ ಆ ಕಡೆಗೇ ಇಳಿಜಾರು, ಬೆನ್ನು ನೋವು, ಕತ್ತು ನೋವು, ಯಾಕೆ ಹೀಗೆ ನನ್ನ ಮೇಲೆ ಬಂದು ಬೀಳ್ತೀಯ ಎಂದು ಅವರ ತಮಾಷೆ, ಕಳ್ಳ, ಬೇಕೆಂದೇ ಮಾಡಿದ್ದೋ, ಪ್ರೀತಿಗೆ ಮಾಡಿದ್ದೋ, ಇಂದಿಗೂ ಗೊತ್ತಿಲ್ಲ, ಬಾಯಿ ಬಿದ್ದುಹೋದ ಮನುಷ್ಯನನ್ನು ಕೇಳುವುದು ಹೇಗೆ, ಕೇಳಬೇಕಾದ್ದನ್ನೆಲ್ಲ ಕೇಳದೆ ಇಟ್ಟುಕೊಂಡ ಮೂರ್ಖಳು ನಾನು – ಇದು ನನಗೆ.

ಬೆತ್ತದ ತುದಿ ಸೀಳಿದೆ, ಸೀಳಿದರೆ ಬಟ್ಟೆ ಹರಿಯುತ್ತದೆ, ತಿರುಗಿಸಿ ಹಿಡಿದುಕೊಳ್ಳಬೇಕು, ಅಂಗೈಯಲ್ಲಿ ಬೊಬ್ಬೆ ಎದ್ದಿದೆ, ಏಳಲಿ, ಅವರ ಬೆನ್ನಿನಲ್ಲಿ ಏಳದಿದ್ದರೆ ಸಾಕು, ಹಾಸಿಗೆ ಹುಣ್ಣು ಒಂದು ಸಲ ಬಾಯಿಬಿಟ್ಟರೆ ಮುಚ್ಚುವುದಿಲ್ಲಮ್ಮ ಎಂದು ತೇನಿಯ ಆಸ್ಪತ್ರೆಯಲ್ಲಿ ನರ್ಸಮ್ಮ ಹೇಳಿದ್ದಳು, ಅದಕ್ಕೇ ತಿಲಗಾ ತಿರುಪ್ಪೂರಿನಿಂದ ಆ ಫೋಮಿನ ಮೇಲ್ಹಾಸು ತಂದದ್ದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸುತ್ತಿ ಕೊಳವೆಯ ಹಾಗೆ ಮಾಡಿದ್ದು, ಕತ್ತರಿ ತಾಗಿಸಿದ್ದೇ ಉಸಿರು ಎಳೆದುಕೊಂಡು ತನ್ನಷ್ಟಕ್ಕೆ ತಾನೇ ಬಿಚ್ಚಿಕೊಂಡಿತು, ಮೂರು ಬೆರಳು ದಪ್ಪ, ಅದನ್ನು ಬೂರುಗದ ಹಾಸಿಗೆಯ ಮೇಲೆ ಹಾಸಿ ಅವರನ್ನು ಮಲಗಿಸಿದರೆ ತಗ್ಗು ಇದ್ದಲ್ಲೇ ಇದ್ದರೂ ಮೈಗೆ ತಗ್ಗು ಗೊತ್ತಾಗದು, ಅಂಗೈ ಒತ್ತಿ ತೆಗೆದರೆ ಬೆರಳಿನ ಗುರುತು ಸ್ವಲ್ಪ ಹೊತ್ತು ನಿಂತು ನಿಧಾನವಾಗಿ ಮಾಯವಾಗುವುದು, ಬೆನ್ನಿನ ಕೆಂಪು ಇಳಿಯಿತು, ಒಳ್ಳೆಯದೇ, ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು, ತಿಲಗಾ ಹೊರಡುವ ಮುಂಚೆ ಹೇಳಿಯೇ ಹೋಗಿದ್ದಳು, ಅಮ್ಮಾ, ಇದನ್ನ ತಲೆ ಕಡೆ ಕಾಲಿಗೆ, ಕಾಲು ಕಡೆ ತಲೆಗೆ ಆಗಾಗ ತಿರುಗಿಸ್ತಾ ಇರು, ಹೊದಿಕೆ ಮಾತ್ರ ಒಗಿ, ಒಳಗಿಂದು ಒದ್ದೆಯಾದ್ರೆ ಬಟ್ಟೆಯಲ್ಲಿ ಒತ್ತಿ ತೆಗೆದು ನೆರಳಲ್ಲಿ ಗಾಳಿಗಿಡು, ಮಡಚಬೇಡ, ಬಿಸಿಲಿಗೆ ಮಾತ್ರ ಹಾಕ್ಲೇಬೇಡ – ಬಿಸಿಲಿಗೆ ಹಾಕಬಾರದ ಹಾಸಿಗೆ, ಎಂಥ ಹಾಸಿಗೆಯದು, ಸೂರ್ಯನ ಮುಖ ನೋಡಲು ಹೆದರುವ ಹಾಸಿಗೆ, ಈ ಊರಿನಲ್ಲಿ ಹುಟ್ಟಿ ಬೆಳೆದ ಯಾವ ಹೆಂಗಸು ಆ ಮಾತು ಕೇಳುತ್ತಾಳೆ, ಹಾಸಿಗೆ ನಾರಿದರೆ ಕೈ ತಾನಾಗಿ ಅದನ್ನು ಬಿಸಿಲಿಗೆ ಎಳೆಯುತ್ತದೆ, ಕೈ ಯಾರನ್ನೂ ಕೇಳುವುದಿಲ್ಲ, ನಾರಿತು, ಎಳೆದೆ, ಸೋಪು ನೀರು ಸುರಿದು ತುಳಿದು ಹಿಂಡಿ ಚಿತ್ತಿರೈ ತಿಂಗಳ ಸುಡುಬಿಸಿಲಿಗೆ ಇದೇ ಗೋಡೆಯ ಮೇಲೆ ಹಾಕಿದೆ, ಒಣಗಲೇ ಇಲ್ಲ, ನೀರು ಕುಡಿದು ಎಮ್ಮೆಯ ಹಾಗೆ ಭಾರವಾಗಿ ದಿನಗಟ್ಟಲೆ ಗೋಡೆಯ ಮೇಲೆಯೇ ಬಿದ್ದಿತ್ತು, ಒಣಗಿದ ಮೇಲೆ ನೋಡಿದರೆ ಹಳದಿ, ಉಗುರು ತಾಗಿಸಿದರೆ ಹಳೇ ರಸ್ಕಿನ ಹಾಗೆ ಪುಡಿಪುಡಿ, ಅವರನ್ನು ಅದರ ಮೇಲೆ ಮಲಗಿಸಿದರೆ ಬೆಳಗ್ಗೆ ಬೆನ್ನಿನ ತುಂಬ ಹಳದಿ ಹಿಟ್ಟು, ಫೋನಿನಲ್ಲಿ ತಿಲಗಾ ಬೈಯಲಿಲ್ಲ, ಸುಮ್ಮನಾದಳು, ಬೈದಿದ್ದರೆ ಬೈಯಬಹುದಿತ್ತು, ಸುಮ್ಮನಾದವರನ್ನು ಏನೆಂದು ಬೈಯುವುದು, ಹೋಗಲಿ ಬಿಡಮ್ಮ ಎಂದಳು ಕೊನೆಗೆ, ಆ ಹೋಗಲಿ ಬಿಡು ಇನ್ನೂ ಕಿವಿಯಲ್ಲಿ ಕೂತಿದೆ – ಆ ಮೇಲ್ಹಾಸು ಇದ್ದಿದ್ದರೆ ಇವತ್ತು ಅದರ ಮೇಲೆ ಮಲಗಿಸುತ್ತಿದ್ದೆ, ಇಲ್ಲ, ಅದಕ್ಕೇ ನಡುಮನೆಯಲ್ಲಿ ಫ್ಯಾನಿನ ಕೆಳಗೆ ಕೋರೆಹುಲ್ಲಿನ ಚಾಪೆ ಹಾಸಿ, ಅದರ ಮೇಲೆ ಎರಡು ಸೀರೆ ಮಡಚಿ ಹಾಕಿದೆ, ಪಕ್ಕದ ಮನೆಯ ಮುನಿಯಾಂಡಿ ಬಂದು ಅವರನ್ನು ಎತ್ತಿ ಇಳಿಸಿಕೊಟ್ಟ, ನಾನು ಕಾಲು ಹಿಡಿಯಲು ಹೋದರೆ, ಬಿಡಿಕ್ಕಾ, ಒಬ್ಬನೇ ಸಾಕು, ಅಣ್ಣ ಈಗ ಏನು ತೂಕ ಇದಾರೆ ಎಂದ, ನನಗೆ ಎಲ್ಲಿತ್ತೋ ಸಿಟ್ಟು, ಮೂಟೆ ಹೊರುವವನಿಗೆ ಎಲ್ಲವೂ ಮೂಟೆಯೇ, ತೂಕ ನೋಡಲು ನಿನ್ನನ್ನು ಕರೆದೆನೇನೋ ಎಂದೆ, ಅವನು ತಲೆ ತಗ್ಗಿಸಿಕೊಂಡು ಹೋಗಿ ಹಾಸಿಗೆಯನ್ನು ಮೇಲೆ ಹೊತ್ತು ತಂದು ಹಾಕಿ ಇಳಿದುಹೋದ.

ಯಾರು ಅದು, ಬೀದಿಯ ತಿರುವಿನಲ್ಲಿ, ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ವೆಳ್ಳೈಚ್ಚಾಮಿ ದೊಡ್ಡಪ್ಪನೇ, ಗಂಡನ ಮನೆಯ ಹಿರಿಯರು, ಅವರ ಹಿಂದೆ ನನ್ನ ನಾದಿನಿ ಪಾಂಡಿಯಮ್ಮಾಳ್, ಅವಳ ಹಿಂದೆ ಇನ್ನೂ ಹೆಂಗಸರು, ತಲೆ ಬಾಚದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಈ ಹೊತ್ತಿನಲ್ಲಿ ಎಲ್ಲಿಗೆ ಇಷ್ಟು ಜನ, ಯಾರ ಮನೆಯಲ್ಲಿ ಏನಾಯಿತು, ನೋಡನೋಡುತ್ತಲೇ ದೊಡ್ಡಪ್ಪ ತಲೆಯೆತ್ತಿ ನನ್ನ ಕಡೆ ನೋಡುತ್ತಾರೆ, ನನ್ನನ್ನಲ್ಲ, ನನ್ನ ಕೈಯ ಬೆತ್ತವನ್ನೂ ಅಲ್ಲ, ಗೋಡೆಯಿಂದ ಬೀದಿಗೆ ಇಳಿಬಿದ್ದಿರುವ ಹಾಸಿಗೆಯನ್ನು, ನೋಡಿ, ಸಾವಿನ ಮನೆಗೆ ಬರುವವರ ಹಾಗೆ, ಟವೆಲನ್ನು ಹೆಗಲಿನಿಂದ ತೆಗೆದು ಕಂಕುಳಿಗೆ ಇಟ್ಟುಕೊಳ್ಳುತ್ತಾರೆ – ಅಯ್ಯೋ ಪರಮಶಿವಾ – ಕಾಯಿಲೆಯವನ ಹಾಸಿಗೆ ಬೀದಿಗೋಡೆಗೆ ಬಂದರೆ ಈ ಊರು ಏನೆಂದುಕೊಳ್ಳುತ್ತದೆ ಎಂದು ನನಗೆ ಗೊತ್ತಿಲ್ಲವೇ, ನನ್ನ ಮಾವ ಹೋದಾಗ ಹಾಗೆಯೇ ಹಾಕಿದ್ದೆವಲ್ಲ, ಬೂರುಗದ ಹತ್ತಿಯ ಮೇಲೆ ಜೀವ ಹೋಗುವುದಿಲ್ಲ, ಮೆತ್ತಗಿನದಕ್ಕೆ ಅಂಟಿಕೊಂಡು ಒದ್ದಾಡುತ್ತದೆ ಎಂದು, ಕೊನೆಗಾಲ ಬಂದವರನ್ನು ಚಾಪೆಗೆ ಇಳಿಸುತ್ತಾರೆ, ದಕ್ಷಿಣಕ್ಕೆ ತಲೆ ಮಾಡುತ್ತಾರೆ, ಹಾಸಿಗೆಯನ್ನು ಹೊರಗೆ ಹಾಕುತ್ತಾರೆ, ಬಂಧುಗಳು ಒಬ್ಬೊಬ್ಬರಾಗಿ ಬಂದು ಬಾಯಿಗೆ ಒಂದು ಚಮಚ ಹಾಲು – ಫ್ಯಾನು ಇರುವುದು ನಡುಮನೆಯಲ್ಲಿ, ಚಾಪೆ ಹಾಸಿದ್ದು ಬಾಗಿಲು ಕಾಣುವ ಹಾಗೆ, ತಲೆ ಯಾವ ಕಡೆಗೆ ಬಂತು, ದಕ್ಷಿಣಕ್ಕೆ, ಬಾಗಿಲು ತೆರೆದೇ ಬಂದಿದ್ದೇನೆ ಗಾಳಿ ಬರಲೆಂದು, ಬೇಬಿಯಕ್ಕ ಬೀದಿಯಾಚೆಯಿಂದಲೇ ಗೋಡೆಯ ಮೇಲೆ ಹಾಸಿಗೆ ನೋಡಿರಬೇಕು, ತೆರೆದ ಬಾಗಿಲಲ್ಲಿ ಚಾಪೆ ನೋಡಿರಬೇಕು, ತಲೆ ನೋಡಿರಬೇಕು, ಒಂದು ಫೋನು ಸಾಕು ಅವಳಿಗೆ, ಪಾಂಡಿಯಮ್ಮಾಳಿಗಂತೂ ಅಷ್ಟೂ ಬೇಡ, ತಿಂಗಳಿಂದ ಬಂದಾಗಲೆಲ್ಲ ಹೇಳುತ್ತಲೇ ಇದ್ದಾಳೆ, ಅತ್ತಿಗೆ, ನೀನು ಅವನನ್ನ ಹಿಡಿದಿಟ್ಟುಕೊಂಡಿದೀಯ, ಆ ಹಾಸಿಗೆಯಿಂದ ಇಳಿಸು, ನನ್ನ ಅಣ್ಣ ಪಾಪ ಬಿಡುಗಡೆಯಾಗಲಿ – ಬಿಡುಗಡೆಯಂತೆ, ಬೆತ್ತ ಎಲ್ಲಿ ಬಿತ್ತೋ, ಸಂಡಿಗೆ ತುಳಿದೆನೋ, ತುಳಿದರೆ ತುಳಿದೆ, ಮೆಟ್ಟಿಲು ಇಳಿಯುತ್ತಿದ್ದೇನೆ, ಮಂಡಿ ನೋಯುತ್ತದೆ, ಕೆಳಗಿನಿಂದ ಪಾಂಡಿಯಮ್ಮಾಳ ದನಿ ಎದ್ದಿತು, ಅವಳು ಹಾಡಿಕೊಂಡು ಅಳುವುದಕ್ಕೆ ಶುರು ಮಾಡಿದ್ದಾಳೆ, ಬೂರುಗದ ಮರದಂಥ ಅಣ್ಣಾ, ಮೆತ್ತೆ ಹೊಲಿದು ಊರ ಮಲಗಿಸಿದ ಅಣ್ಣಾ, ಬರಿ ನೆಲಕ್ಕೆ ಬಂದೆಯಾ ಅಣ್ಣಾ, ಒಳ್ಳೆಯ ಕಂಠ ಅವಳದು, ಸುಡುಗಾಡಿನ ಕಂಠ.

ನಡುಮನೆ ತುಂಬ ಜನ, ದಾರಿ ಬಿಡುತ್ತಾರೆ, ನನ್ನ ತೋಳು ಹಿಡಿಯುತ್ತಾರೆ, ಕೊಡವುತ್ತೇನೆ, ಅವರು ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದಾರೆ, ನಿದ್ದೆ, ಬೆಳಗಿನ ಮಾತ್ರೆಯ ನಿದ್ದೆ ಅದು, ಎದೆ ಏಳುತ್ತಿದೆ ಇಳಿಯುತ್ತಿದೆ, ಯಾರೂ ನೋಡುವುದಿಲ್ಲ ಅದನ್ನು, ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದಾರೆ, ನನ್ನದೇ ಅಡುಗೆಮನೆಯಿಂದ ನನ್ನದೇ ಬಟ್ಟಲಲ್ಲಿ ಹಾಲು ಬಂದಾಗಿದೆ, ದೊಡ್ಡಪ್ಪ ಕಷ್ಟಪಟ್ಟು ಚಾಪೆಯ ಪಕ್ಕ ಕೂತು ತುಳಸಿ ಅದ್ದಿ, ಚಮಚ ತುಂಬಿ, ತುಟಿಯ ಹತ್ತಿರ – ಗಂಜಿಯನ್ನು ಗಟ್ಟಿ ಮಾಡಿ, ಎತ್ತಿ ಕೂರಿಸಿ, ಗದ್ದ ಎದೆಗೆ ತಾಗಿಸಿ, ಒಂದು ತುತ್ತು ನುಂಗಿದ್ದು ಗೊತ್ತಾಗುವವರೆಗೆ ಗಂಟಲು ನೋಡಿ ಆಮೇಲೆ ಇನ್ನೊಂದು, ಹೀಗೆ ಉಣ್ಣಿಸು, ಮಲಗಿಸಿಕೊಂಡು ನೀರು ನೀರಾದ್ದು ಏನು ಹಾಕಿದರೂ ಶ್ವಾಸಕ್ಕೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು ಎಂದು ನರ್ಸಮ್ಮ ಹೇಳಿಕೊಟ್ಟದ್ದು ನನ್ನೊಬ್ಬಳಿಗೆ, ಇಲ್ಲಿ ಇರುವ ಇಷ್ಟೂ ಜನ ಒಂದೊಂದು ಚಮಚ ಪ್ರೀತಿ ತೋರಿಸಿದರೆ ಇವರು ಊಟದ ಹೊತ್ತನ್ನೂ ಕಾಣುವುದಿಲ್ಲ, ನಾನು ಅವರ ಬಾಯಿಗೆ ನನ್ನ ಅಂಗೈ ಮುಚ್ಚಿದೆ, ಹಾಲು ಬೊಬ್ಬೆಯ ಮೇಲೆ ಬಿದ್ದು ಉರಿಯಿತು, ದೊಡ್ಡಪ್ಪಾ, ಹಾಸಿಗೆ ಒದ್ದೆಯಾಗಿತ್ತು, ಬಿಸಿಲಿಗೆ ಹಾಕಿದೆ, ಅಷ್ಟೇ ಆಗಿದ್ದು – ಯಾರಿಗೂ ಕೇಳಿಸಲಿಲ್ಲ, ಅಥವಾ ಕೇಳಿಸಿ ಕರುಣೆ ಬಂತು, ತಾಯಿ, ಮನಸು ಗಟ್ಟಿ ಮಾಡ್ಕೋ ಎಂದರು ದೊಡ್ಡಪ್ಪ, ಅವನ ಹೊತ್ತು ಬಂದಿದೆ, ಇಳಿಸಿದ್ದು ಒಳ್ಳೇದೇ ಆಯ್ತು, ಅವರ ಕಣ್ಣಲ್ಲಿ ನಿಜವಾದ ನೀರು, ಇವರನ್ನು ಎತ್ತಿ ಆಡಿಸಿದವರು ಅವರು, ಕೆಟ್ಟವರಲ್ಲ, ಇವರಲ್ಲಿ ಒಬ್ಬರೂ ಕೆಟ್ಟವರಲ್ಲ, ಅದಕ್ಕೇ ನನ್ನ ಸಿಟ್ಟಿಗೆ ನಿಲ್ಲಲು ಜಾಗವಿಲ್ಲ, ಅತ್ತಿಗೆ, ಇಳಿಸಿದವರನ್ನ ಮತ್ತೆ ಏರಿಸಬಾರದು, ಅಣ್ಣನ ಜೀವ ನಡುದಾರಿಯಲ್ಲಿ ಅಲೆಯುತ್ತೆ ಎಂದಳು ಪಾಂಡಿಯಮ್ಮಾಳ್, ಮೂಗು ಒರೆಸಿಕೊಳ್ಳುತ್ತ, ಹಟಮಾರಿ ನೀನು, ನನ್ನ ಅಣ್ಣನ ಮೇಲೆ ನಿನಗೊಬ್ಬಳಿಗೇ ಹಕ್ಕಾ – ಹಕ್ಕು, ಇಷ್ಟು ವರ್ಷ ಅವರ ತಗ್ಗಿಗೆ ಉರುಳಿ ಬಿದ್ದವಳು ನಾನು, ಹಕ್ಕಿನ ಮಾತು ನನ್ನ ಹತ್ತಿರ – ಅವರ ಮುಖದ ಹತ್ತಿರ ಬಾಗಿದೆ, ಬಾಯಿಂದ ಬಂದದ್ದು ನನಗೇ ಗೊತ್ತಿಲ್ಲ, ತವಮಣಿ, ಎಂದೆ, ಎಲ್ಲರಿಗೂ ಕೇಳುವ ಹಾಗೆ, ಒಂದು ಸಲವಲ್ಲ, ತವಮಣಿ, ಕಣ್ಣು ಬಿಡು, ಊರೇ ನಿನಗೆ ಹಾಲು ಹಾಕಲು ಬಂದಿದೆ, ಕಣ್ಣು ಬಿಟ್ಟು ಬೈಯಿ ಇವರನ್ನ – ಹೆಂಗಸರ ಕೈ ಬಾಯಿಗೆ ಹೋಯಿತು, ಅಳು ನಿಂತಿತು, ಅವರ ಎಡಗಣ್ಣು ಮೊದಲು ತೆರೆಯಿತು, ಆಮೇಲೆ ಸ್ವಲ್ಪ ತಡವಾಗಿ ಬಲಗಣ್ಣು, ಸುತ್ತ ನಿಂತವರನ್ನೆಲ್ಲ ಒಂದು ಸುತ್ತು ನೋಡಿ ಬಂದು ನನ್ನ ಮೇಲೆ ನಿಂತಿತು ಆ ನೋಟ, ಬಾಯಿಯ ಒಂದು ಕೊನೆ ಏರಿತು, ನಕ್ಕರು ಕಳ್ಳ, ಹೆಸರು ಹಿಡಿದು ಕರೆದದ್ದಕ್ಕೆ ನಕ್ಕರು, ದೊಡ್ಡಪ್ಪ ಬಟ್ಟಲನ್ನು ನೆಲಕ್ಕಿಟ್ಟು ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು.

ಆಮೇಲೆ ಎಲ್ಲರಿಗೂ ಮಾಡಲು ಏನಾದರೂ ಕೆಲಸ ಬೇಕಾಗಿತ್ತು, ಹೊರಲು ಬಂದ ಗಂಡಸರು ಬರಿಗೈಯಲ್ಲಿ ಹೋಗುವುದು ಹೇಗೆ, ಮೇಲಿದೆ ಹಾಸಿಗೆ, ಹೊತ್ತು ತನ್ನಿ ಎಂದೆ, ನಾಲ್ಕು ಮೂಲೆಗೆ ನಾಲ್ವರು, ಮೆಟ್ಟಿಲ ತಿರುವಿನಲ್ಲಿ ಹಿಡಿಯಿರಿ, ಎತ್ತಿ, ನಿಧಾನ ಎಂದು ಮುನಿಯಾಂಡಿಯ ಕೂಗು, ಹಾಸಿಗೆ ಮೆರವಣಿಗೆಯ ಹಾಗೆ ಇಳಿದು ಬಂತು, ನಾನು ತುಳಿದ ಸಂಡಿಗೆಯ ಮಾತನ್ನು ಬೇಬಿಯಕ್ಕ ಎತ್ತಲಿಲ್ಲ, ಬಿಸಿ ಆರುವವರೆಗೆ ಮಲಗಿಸಬಾರದು, ಒಳಗೆ ಹಿಡಿದ ಬಿಸಿಲು ಮೈಗೆ ಕೆಟ್ಟದ್ದು, ಅದನ್ನೂ ಅವರೇ ಹೇಳಿದ್ದು, ಮಂಚದ ಮೇಲೆ ಹರವಿ, ಕಿಟಕಿ ತೆರೆದು, ಎಲ್ಲರಿಗೂ ಕಾಫಿ ಕಾಸಿದೆ ಅದೇ ಹಾಲಿನಲ್ಲಿ, ಕುಡಿದರು, ಪಾಂಡಿಯಮ್ಮಾಳ್ ಸಕ್ಕರೆ ಕಡಿಮೆ ಎಂದಳು, ಇನ್ನಷ್ಟು ಹಾಕಿದೆ, ಅವಳು ಅಣ್ಣನ ಪಾದದ ಹತ್ತಿರ ಕೂತು ಹಿಮ್ಮಡಿ ನೀವಿದಳು, ಅಲ್ಲಿಯ ಚರ್ಮ ಒಡೆಯದೆ ಇರುವುದನ್ನು ನೋಡಿ ನನ್ನ ಕಡೆ ತಿರುಗಿ, ಎದ್ದು ಹೋದಳು, ಎಲ್ಲರೂ ಹೋದರು, ಗೆದ್ದೆ ಅನಿಸಿತು, ಪರಮಶಿವಾ, ಬೈದದ್ದನ್ನು ಮನಸ್ಸಿಗೆ ತಗೊಳ್ಳಬೇಡ, ಸೋಮವಾರ ಬರುತ್ತೇನೆ, ಮೆಟ್ಟಿಲು ಹತ್ತಿ ಬರುತ್ತೇನೆ ಎಂದುಕೊಂಡೆ, ಉಳಿದಿದ್ದ ಮುನಿಯಾಂಡಿ ಒಬ್ಬನೇ ಅವರನ್ನು ಎತ್ತಿ ಎಡಗಡೆಗೆ ಮಲಗಿಸಿದ, ಈ ಸಲ ಕಾಫಿ ಕುಡಿದು ಹೋಗಪ್ಪ ಎಂದೆ, ಹಾಸಿಗೆ ಚೆನ್ನಾಗಿ ಉಬ್ಬಿದೆ, ಸಿಟ್ಟಿನ ಹೊಡೆತ ತಿಂದು ಎಂದೂ ಉಬ್ಬದಷ್ಟು ಉಬ್ಬಿದೆ, ಹೊದಿಕೆ ಸರಿಮಾಡಲು ಬಾಗುತ್ತೇನೆ, ಇನ್ನೇನು ಇಳಿಯುತ್ತದೆ, ಹೆಗಲ ಹತ್ತಿರ ಮೊದಲು, ಆಮೇಲೆ ಸೊಂಟ, ಹಿಮ್ಮಡಿಯ ಗುಳಿ, ಕಾಯುತ್ತೇನೆ, ಅವರು ಕಣ್ಣು ಬಿಟ್ಟು ಸೂರು ನೋಡುತ್ತಿದ್ದಾರೆ, ಹಾಸಿಗೆ ಇಳಿಯುವುದಿಲ್ಲ, ಬೀಜ ಬೆರೆತ ಆ ಹಳೇ ಹತ್ತಿಯೂ ಇಳಿಯುವುದಿಲ್ಲ, ಕೊಳದ ಮೇಲೆ ಬಿದ್ದ ಎಲೆಯ ಹಾಗೆ ಅವರು ಅದರ ಮೇಲೆ ತೂಕವೇ ಇಲ್ಲದೆ ಇದ್ದಾರೆ, ಸೊಂಟದ ಕೆಳಗೆ ಕೈ ತೂರಿಸಿ ನೋಡುತ್ತೇನೆ, ಕೈ ಆಚೆಯಿಂದ ಈಚೆಗೆ ಓಡಾಡುತ್ತದೆ, ಸಿಟ್ಟು ಬರಲಿ ಎಂದು ಕಾಯುತ್ತೇನೆ, ಬರುವುದಿಲ್ಲ, ಬಲಗಡೆ ನನ್ನ ಜಾಗದಲ್ಲಿ ಮಲಗುತ್ತೇನೆ, ಎಷ್ಟೋ ದಿನವಾಯಿತು ಇಲ್ಲಿ ಮಲಗಿ, ಇಳಿಜಾರು ಎಲ್ಲಿ, ಉರುಳುವುದಿಲ್ಲ ನಾನು, ಇಟ್ಟಲ್ಲೇ ಇದ್ದೇನೆ, ನಮ್ಮಿಬ್ಬರ ನಡುವೆ ಅಂಗೈಯಿಟ್ಟು ಅವರ ಕಡೆಯ ಹಾಸಿಗೆಯನ್ನು ಒತ್ತುತ್ತೇನೆ, ತಗ್ಗಾಗುತ್ತದೆ, ಕೈ ತೆಗೆದರೆ ಏಳುತ್ತದೆ, ಮತ್ತೆ ಒತ್ತುತ್ತೇನೆ, ಇನ್ನೂ ಬಲವಾಗಿ, ಬೊಬ್ಬೆ ಒಡೆಯುವ ಹಾಗೆ, ಕೈ ತೆಗೆಯುತ್ತೇನೆ, ಏಳುತ್ತದೆ, ಒತ್ತುತ್ತೇನೆ, ತಗ್ಗು, ತೆಗೆಯುತ್ತೇನೆ, ಏಳುತ್ತದೆ –